ಮಳೆ ಬರುತ್ತದೆ, ಬಂದರೆ!

ಮೇ ತಿಂಗಳ ಮಂಗಳೂರಿನಲ್ಲಿ ಎರಡೇ ಬಗೆಯ ಜನ: ಸುಮ್ಮನೆ ಬೆವರುವವರು ಮತ್ತು ಬೆವರುತ್ತಲೇ ಮಳೆಯ ಭವಿಷ್ಯ ಹೇಳುವವರು. ಎರಡನೆಯವರ ಮೊಬೈಲಿನಲ್ಲಿ ಯುರೋಪಿನ ಹವಾಮಾನ ಮಾದರಿಯೂ ಉಂಟು, ಅಮೆರಿಕದ್ದೂ ಉಂಟು. ಒಂದು ಸಂಜೆಗೆ ಗುಡುಗು ಎಂದರೆ ಇನ್ನೊಂದು ಹನಿಯೂ ಇಲ್ಲ ಎನ್ನುತ್ತದೆ.

"ತೇವಾಂಶ 80 ದಾಟಿದೆ ರಾಯರೇ, ಇವತ್ತು ಖಂಡಿತ."

"ನಿನ್ನೆಯೂ ದಾಟಿತ್ತು ಮಾರಾಯ್ರೆ. ಮೋಡ ಮಾತ್ರ ಘಟ್ಟ ಇಳಿಯಲಿಲ್ಲ."

"ಕೃತ್ತಿಕೆ ಕೈಕೊಟ್ಟರೂ ರೋಹಿಣಿ ಬಿಡುವುದಿಲ್ಲ," ಇದು ಪಂಚಾಂಗದ ಪಕ್ಷ.

ಪಾಪ, ಅವರದ್ದೇನೂ ತಪ್ಪಿಲ್ಲ. ಮುಂಗಾರುಪೂರ್ವ ಮಳೆ ಸ್ಥಳೀಯ ಗುಡುಗುಮೋಡದ ಕೃಪೆ. ಪುತ್ತೂರಿನಲ್ಲಿ ಸುರಿದು ಬಂಟ್ವಾಳವನ್ನು ಒಣಗಿಸಿಬಿಡಬಹುದು. ಜಾಗತಿಕ ಮಾದರಿಗಳ ಒಂದೊಂದು ಚೌಕವೂ ಸುಮಾರು 9ರಿಂದ 13 ಕಿಲೋಮೀಟರ್. ಆ ಬಲೆಯ ಕಣ್ಣಿನಿಂದ ಸಣ್ಣ ಮೋಡ ಬಂಗುಡೆ ಮರಿಯಂತೆ ನುಣುಚಿಕೊಳ್ಳುತ್ತದೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅದರ ಮುನ್ಸೂಚನೆ ಕೊಡುವಾಗ ಹವಾಮಾನ ಇಲಾಖೆಯೇ 4 ದಿನ ಹಿಂದುಮುಂದಿನ ಅವಕಾಶ ಇಟ್ಟುಕೊಳ್ಳುತ್ತದೆ. ಹವ್ಯಾಸಿಗಳಿಗೆ 4 ತಾಸಾದರೂ ಬೇಡವೇ?

ಸೆಕೆಗೆ ಮಾತ್ರ ಅನುಮಾನವೇ ಇಲ್ಲ. ಗಾಳಿಯಲ್ಲೇ ನೀರಿನ ಆವಿ ತುಂಬಿದ್ದರೆ ಬೆವರು ಆರುವುದಾದರೂ ಎಲ್ಲಿಗೆ? ಥರ್ಮಾಮೀಟರ್ 34 ತೋರಿಸಿದರೂ ಮೈ 40 ದಾಟಿದೆ ಎಂದು ದೂರು ಕೊಡುತ್ತದೆ.

ಇಷ್ಟರಲ್ಲಿ ಒಳಗಿನಿಂದ ಪ್ರಶ್ನೆ: "ಹಲಸಿನ ಹಪ್ಪಳ ಅಂಗಳದಲ್ಲಿ ಹಾಕಲಾ, ಬೇಡವಾ?" ಪರಿಣತರ ಸಭೆ ಗಪ್‌ಚಿಪ್!

ನನ್ನ ತೀರ್ಪು ಇಷ್ಟೇ: ಆ್ಯಪ್ ಎಷ್ಟು ಬೇಕಾದರೂ ನೋಡಿ, ಹಪ್ಪಳದ ಚಾಪೆಯ ಪಕ್ಕ ಮಾತ್ರ ಒಬ್ಬರನ್ನು ಕೂರಿಸಿ.