ಪ್ರೋಗ್ರಾಮ್ ಕಾಕಾ

ಹುಬ್ಬಳ್ಳಿಯ ಯಾವ ಓಣಿಯಲ್ಲಿ ಹುಡುಕಿದರೂ ಒಬ್ಬ ಪ್ರೋಗ್ರಾಮ್ ಕಾಕಾ ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಪಾಪದ ಮನುಷ್ಯ. ಆದರೆ ಘಟ್ಟದ ಮೇಲೆ ಮಳೆ ಜಡಿ ಹಿಡಿದಿದೆ ಎಂಬ ಸುದ್ದಿ ಬಂತೋ, ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಅವರ ಫರ್ಮಾನು ಹೊರಡುತ್ತದೆ: "ರವಿವಾರ ಮುಂಜಾನೆ ಐದಕ್ಕ ಗಾಡಿ. ಫಾಲ್ಸ್ ಪ್ರೋಗ್ರಾಮ್. ಬರಾವ್ರು ಬರ್ರಿ, ಬರದಾವ್ರು ಆಮ್ಯಾಲೆ ಅನಬ್ಯಾಡ್ರಿ."

ಪ್ರೋಗ್ರಾಮು ಒಂದೇ ಹಾಳೆಯಲ್ಲಿರುತ್ತದೆ; ಹಾಳೆಯ ಎರಡೂ ಮಗ್ಗುಲು ತುಂಬಿರುತ್ತದೆ, ಅಷ್ಟೇ. ಶಿರಸಿ ಮಾರಿಕಾಂಬೆಯ ದರ್ಶನ, ಶಾಲ್ಮಲೆಯ ಸಹಸ್ರಲಿಂಗ, ಉಂಚಳ್ಳಿ ಜಲಪಾತ, ಯಾಣ, ಬರುವಾಗ ಬನವಾಸಿ. ಕದಂಬರ ರಾಜಧಾನಿಗೆ ಕಾಕಾ ದಯಪಾಲಿಸಿದ್ದು ಇಪ್ಪತ್ತು ನಿಮಿಷ, ಅದೂ ಚಹಾ ಹಿಡಿದು.

ಕಳೆದ ಮಳೆಗಾಲದ ಪ್ರೋಗ್ರಾಮಿಗೆ ನಾನೂ ಹೋಗಿದ್ದೆ. ಐದರ ಗಾಡಿ ಪೌಣೇ ಏಳಕ್ಕೆ ಬಿಟ್ಟಿತು. ಕ್ರೂಸರಿನಲ್ಲಿ ಹದಿನೇಳು ಮಂದಿ, ಅವರ ತೊಡೆಗಳ ಮೇಲೆ ಬುತ್ತಿ: ಕಟಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ. ತಡಸ ದಾಟುವ ಮೊದಲೇ ಬಿಚ್ಚೋಣ ಎನ್ನುವವರಿಗೂ ಮುಂಡಗೋಡದವರೆಗೆ ತಡೆಯಿರಿ ಎನ್ನುವವರಿಗೂ ಜಟಾಪಟಿ ನಡೆಯುತ್ತಿರುವಾಗಲೇ ಡಬ್ಬಿ ತಾನಾಗಿ ತೆರೆದುಕೊಂಡು ಪ್ರಶ್ನೆ ಬಗೆಹರಿಯಿತು. ಕಾಕಾ ಮುಂದಿನ ಸೀಟಿನಿಂದ ತಿರುತಿರುಗಿ ತಲೆ ಎಣಿಸುತ್ತಿದ್ದರು. ಎರೆಹೊಲ ಹೋಗಿ ತೇಗ ಬಂತು, ತೇಗ ಹೋಗಿ ಅಡಿಕೆ ತೋಟ ಬಂತು. ಅವರು ಹೊರಗೆ ಕಣ್ಣು ಹಾಯಿಸಲಿಲ್ಲ. ಹಾಯಿಸಿದರೆ ಎಣಿಕೆ ತಪ್ಪುತ್ತದೆ.

ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತಾಳೆ. ಆ ಅಬ್ಬರಕ್ಕೆ ಸುತ್ತಲಿನವರು ಅದನ್ನು ಕೆಪ್ಪ ಜೋಗ ಎನ್ನುತ್ತಾರೆ. ಇಂಥದ್ದನ್ನು 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ 'ಕಂಡುಹಿಡಿದ'ನಂತೆ. ಊರಿಗೆಲ್ಲ ಕೇಳುವುದನ್ನು ಹುಡುಕಲು ಎಷ್ಟು ಕಷ್ಟಪಟ್ಟನೋ ಪಾಪ!

ಗೇಟಿನಲ್ಲಿ ಕಾಕಾರ ಮೊದಲ ಪ್ರಶ್ನೆ: "ಇವತ್ತ ನೀರ ಬಿಟ್ಟಾರಿಲ್ರಿ?"

ಜೋಗಕ್ಕೆ ಹೋಗಿ ಹೋಗಿ ಹತ್ತಿದ ಚಟ. ಅಲ್ಲಿ ಶರಾವತಿಯನ್ನು 1964ರಿಂದ ಲಿಂಗನಮಕ್ಕಿ ಹಿಡಿದಿಟ್ಟುಕೊಂಡಿದೆ, ಬಿಡುವ ಮಾತಿಗೆ ಅರ್ಥವಿದೆ. ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಕಾವಲಿನವನು ಕವಳ ಉಗಿದು ಬಂದು, "ಬಿಡೂಕೆ ಯಾರು ಹಿಡ್ಕಂಡಿದ್ರು?" ಎಂದ.

ಮೆಟ್ಟಿಲ ದಾರಿಯ ತುಂಬ ಉಂಬಳ. ಕಾಕಾ ಎಲ್ಲರ ಕಾಲಿಗೂ ಸುಣ್ಣ-ತಂಬಾಕು ತಿಕ್ಕಿಸಿದರು. ತಮ್ಮ ಪಾಳಿ ಬರುವಷ್ಟರಲ್ಲಿ ಉಳಿದ ತಂಬಾಕು ರೂಢಿಯ ಬಲದಿಂದ ಬಾಯಿಗೆ ಹೋಗಿತ್ತು. ನಡೆಯುವವರಿಗಿಂತ ನಿಂತವರ ಕಾಲು ಏರುವುದು ಉಂಬಳಕ್ಕೆ ಸಲೀಸು, ಮತ್ತು ತಿರುವು ತಿರುವಿಗೂ ನಿಂತು ತಲೆ ಎಣಿಸುತ್ತಿದ್ದವರು ಇಡೀ ಕಾಡಿನಲ್ಲಿ ಇವರೊಬ್ಬರೇ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಬಿಟ್ಟು, ಹೊಟ್ಟೆ ತುಂಬಿಸಿಕೊಂಡು ಅದು ತಾನೇ ಉದುರಿ ಹೋಗುತ್ತದೆ. ಬಿಳಿ ಪೈಜಾಮದ ಕೆಂಪು ಹಿಗ್ಗುತ್ತಲೇ ಇತ್ತು. ಎಲಿ-ಅಡಿಕಿ ಕಲಿ ಎಂದು ಅವರು ಕೊನೆಯವರೆಗೂ ಸಾಧಿಸಿದರು.

ವೀಕ್ಷಣಾ ಕಟ್ಟೆ ಮುಟ್ಟಿದರೆ, ಎದುರಿಗೆ ಮಂಜು. ಬರೀ ಮಂಜು. ಅದರ ಹಿಂದೆಲ್ಲೋ ಭೋರ್ಗರೆತ. ಹೆಗಲಿಗೆ ಟಾವೆಲ್ಲು, ಕೈಯಲ್ಲಿ ಸಾಬೂನು ಹಿಡಿದಿದ್ದ ಕಾಕಾರ ಮೈದುನ ಕಟ್ಟೆಯಿಂದ ಬಗ್ಗಿ, "ಇಳಿಯೂದು ಎಲ್ಲಿಂದ ಮಾವಾ?" ಎಂದ. ಯಾರೂ ಉತ್ತರಿಸಲಿಲ್ಲ. ಸಾಬೂನು ಕಿಸೆಗೆ ಹೋಯಿತು.

ಕಾಕಾ ಐದು ನಿಮಿಷ ಕಾದರು. ಗಡಿಯಾರ ನೋಡಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ಸ್ಥಳೀಯನನ್ನು ಕೇಳಿದರು: "ಇದನ್ನ ಎಷ್ಟಕ್ಕ ತೆಗೀತಾರ?"

ತೆಗೆಯುವವರು ಯಾರೂ ಕಾಣದ್ದರಿಂದ "ಫಾಲ್ಸ್ ಆತು, ನಡೀರಿ, ಯಾಣಕ್ಕ ತಡಾ ಆಕ್ಕತಿ" ಎಂದು ಘೋಷಿಸಿ, ಡ್ರೈವರನನ್ನು ಎಬ್ಬಿಸಲು ತಾವೇ ಮೇಲೆ ಹತ್ತಿದರು. ಅವರ ಛತ್ರಿ ಮರೆಯಾಯಿತೋ ಇಲ್ಲವೋ, ಮಂಜು ಸರ್ರನೆ ಸರಿಯಿತು. ಕಣಿವೆ ತುಂಬ ಹಸಿರು, ನಡುವೆ ಬೆಳ್ಳಗೆ ನೆಟ್ಟಗೆ ನದಿ. ಹದಿನಾರು ಮಂದಿ ಬಾಯಿ ತೆರೆದು ನಿಂತೆವು. ಮತ್ತೆ ಮುಚ್ಚಿತು. "ಬಂದಾಗೊಮ್ಮೆ ಹಿಂಗ ಆಕ್ಕತಿ," ಎಂದರು ಕಾಕೂ, "ಇವ್ರು ಇನ್ನಾ ಒಮ್ಮಿನೂ ನೋಡಿಲ್ಲ."

ಮೇಲೆ ಹೋಗಿ ಹೇಳಿದರೆ ಕಾಕಾ, "ಇರ್ಲಿ ಬಿಡ್ರಿ. ಹದಿನೇಳೂ ಅದೀರಿಲ್ಲೊ?" ಎಂದರು. ಸಲ ಸಲ ಎಣಿಸಿದರೂ ಹದಿನಾರೇ. ಹತ್ತು ನಿಮಿಷದ ಗಾಬರಿಯ ನಂತರ ಹದಿನೇಳನೆಯವರು ಯಾರೆಂದು ಕಾಕೂ ಬೆರಳಿಟ್ಟು ತೋರಿಸಿಕೊಟ್ಟರು.

ಯಾಣ ತಪ್ಪಿತು. ಬನವಾಸಿ ರಸ್ತೆಯ ಬೋರ್ಡು ಕತ್ತಲಲ್ಲಿ ಹಾದುಹೋಯಿತು. ಕಾಕಾ ಪೆನ್ನು ತೆಗೆದು ಹಾಳೆಯಲ್ಲಿ ಅದಕ್ಕೂ ರೈಟ್ ಹಾಕಿದರು.

ಮರುದಿನ ಗ್ರೂಪಿನಲ್ಲಿ ಅವರ ಫೋಟೋ: "ಉಂಚಳ್ಳಿ ಫಾಲ್ಸ್, ಯಶಸ್ವಿ ಪ್ರೋಗ್ರಾಮ್." ದೊಡ್ಡದು ಮಾಡಿ ನೋಡಿದೆ. ಬಂಡೆಯಿಂದ ನಾಲ್ಕು ಕವಲು ಬೀಳುತ್ತಿದ್ದವು. ರಾಜಾ, ರಾಣಿ, ರೋರರ್, ರಾಕೆಟ್, ಎಲ್ಲರೂ ಹಾಜರಿದ್ದರು. ಹೋಗದೆ ಉಳಿದವರು ಕೆಳಗೆ ಹೊಟ್ಟೆ ಉರಿದುಕೊಂಡು ಬರೆದಿದ್ದರು: "ಕಾಕಾ, ಈ ಸಲ ಉಂಚಳ್ಳಿಗೆ ಮಸ್ತ್ ನೀರ ಬಿಟ್ಟಾರ ನೋಡ್ರಿ!"