ಮೊದಲ ಆರೋಪಿ ಅಡಿಕೆ ಹಾಳೆ

ಮಳೆ ಹಿಡಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಡೆಂಗ್ಯೂವಿಗೆ ಆರೋಪಿ ಸಿದ್ಧ. ಕರಪತ್ರದಲ್ಲಿ ಅದರದೇ ಚಿತ್ರ, ಜಾಥಾದ ಮೈಕಿನಲ್ಲಿ ಅದರದೇ ಹೆಸರು. ಆದರೆ ಅಡಿಕೆ ಹಾಳೆಯ ಹೇಳಿಕೆಯನ್ನು ಇಷ್ಟು ವರ್ಷದಲ್ಲಿ ಯಾರೂ ಪಡೆದ ಹಾಗಿಲ್ಲ. ಹಾಗಾಗಿ ಮಾಣಿಯಲ್ಲಿ ಬಸ್ಸಿಳಿದು, ಕೆಸರು ದಾಟಿ (ರಸ್ತೆಯ ವಿಷಯಕ್ಕೆ ಆಮೇಲೆ ಬರುತ್ತೇನೆ), ಅಜ್ಜರೊಬ್ಬರ ತೋಟಕ್ಕೆ ಹೋದೆ. ಆರೋಪಿ ಅಂಗಾತ ಮಲಗಿತ್ತು, ಹೊಟ್ಟೆ ತುಂಬ ನೀರು.

ನಮಸ್ಕಾರ. ನಿಮ್ಮ ಹೊಟ್ಟೆಯಲ್ಲಿ ಏನೋ ಕುಣಿಯುತ್ತಿದೆಯಲ್ಲ?

ಅದು ಇರ್ಲಿ ಮಾರಾಯ್ರೆ, ಮೊದಲು ಅಮೆರಿಕದ ವಿಷಯ ಬರ್ಕೊಳ್ಳಿ. 2025ರ ಮೇ ತಿಂಗಳಲ್ಲಿ ಅಲ್ಲಿಯ ಆಹಾರ-ಔಷಧ ಇಲಾಖೆ ಎಫ್‌ಡಿಎಯವರು ಎಂತ ಹೇಳಿದ್ರು ಗೊತ್ತುಂಟಾ? ಹಾಳೆ ತಟ್ಟೆಯಲ್ಲಿ ಉಣ್ಣಬಾರದಂತೆ, ಅಡಿಕೆಯ ಅಂಶ ಅನ್ನಕ್ಕೆ ಇಳಿಯಬಹುದಂತೆ! ಮುಟ್ಟಾಳೆಯಾಗಿ ಈ ಊರಿನ ತಲೆ ಕಾದದ್ದು ನಾನು. ಹಸುಗೂಸುಗಳನ್ನು ನನ್ನ ಮೇಲೆ ಮಲಗಿಸಿಯೇ ಮೀಯಿಸ್ತಿದ್ದದ್ದು. ಅಂಥ ನನಗೆ ವಿಷದ ಹೆಸರು!

ಸೊಳ್ಳೆಮರಿಗಳ ಬಗ್ಗೆ ಕೇಳಿದ್ದೆ.

ನುಸಿಯಾ? ಅದಕ್ಕೆ ನಾನೇ ಬೇಕಂತ ಉಂಟಾ? ರಬ್ಬರ್ ಕಪ್ಪಿಗೆ ಕೇಳಿ, ಟಯರಿಗೆ ಕೇಳಿ, ಟೆರೇಸಿನ ಮೇಲೆ ಮಗುಚದೆ ಇಟ್ಟ ಬಾಲ್ದಿಗೆ ಕೇಳಿ. ಅವಕ್ಕೆ ಅಮೆರಿಕ ಎಂತಾದ್ರೂ ಹೇಳಿತಾ?

ಹೆದ್ದಾರಿಗೆ ಅಗೆದ ಹೊಂಡಗಳನ್ನು ಬಿಟ್ಟಿರಿ. ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗೆ ಅಗಲ ಮಾಡುತ್ತೇವೆಂದು ಎಷ್ಟು ಮಳೆಗಾಲ ಕಳೆಯಿತು! ಕಲ್ಲಡ್ಕದಲ್ಲಿ ಒಂದು ಕೇಟಿ ಚಹಾ ಕುಡಿಯಬೇಕೆಂದರೆ ಮೊದಲು ಧೂಳು ಕುಡಿಯಬೇಕಿತ್ತು. ಮೈಸೂರು ರಸ್ತೆ ಕವಲೊಡೆಯುವ ಈ ಮಾಣಿಯಲ್ಲೇ...

ನೀವು ಬಂದದ್ದು ನುಸಿ ಕೇಳ್ಲಿಕ್ಕಾ, ರಸ್ತೆ ಕೇಳ್ಲಿಕ್ಕಾ?

ಸರಿ, ನುಸಿ. ವಾರಕ್ಕೊಮ್ಮೆ ನಿಮ್ಮನ್ನು ಮಗುಚಿದರೆ ಸಾಕಂತೆ. ಮೊಟ್ಟೆ ನುಸಿಯಾಗಿ ಹಾರಲು ಏಳರಿಂದ ಹತ್ತು ದಿನ ಬೇಕು.

ಹೌದು, ಮಗುಚುವುದು ಯಾರು? ಅಜ್ಜನಿಗೆ ಎಪ್ಪತ್ತೆಂಟು. ಮಗ ಬೆಂಗಳೂರಲ್ಲಿ, ಮಗಳು ದುಬಾಯಿಯಲ್ಲಿ. ಕೆಲಸಕ್ಕೆ ಜನ ಇಲ್ಲ. ನಮ್ಮನ್ನು ಒಂದೊಂದಾಗಿ ಬಗ್ಗಿ ಹೆಕ್ಕಲಿಕ್ಕೆ ಅವರ ಸೊಂಟ ಕೇಳಬೇಕಲ್ಲ?

ಕರಪತ್ರ ಕೊಟ್ಟಿದ್ದಾರಲ್ಲ?

ಕೊಟ್ಟಿದ್ದಾರೆ. 'ಲಾರ್ವಾ ಉತ್ಪತ್ತಿ ತಾಣಗಳ ನಿರ್ಮೂಲನೆ' ಅಂತ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಅಜ್ಜನ ಒಂದು ಕಣ್ಣಿಗೆ ಪೊರೆ. ಕರಪತ್ರ ಈಗ ಎಲೆ-ಅಡಿಕೆ ತಟ್ಟೆಯ ಅಡಿಯಲ್ಲಿ ಉಂಟು.

ಹಿರಿಯರಿಗೆ ತಿಳಿವಳಿಕೆ ಕಡಿಮೆ ಅನ್ನುತ್ತಾರೆ...

ಯಾರು ಅನ್ನುವುದು? ಮಳೆ ಹಿಡಿಯುವ ಮೊದಲೇ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಲೆಕ್ಕ ಹಾಕಿ ಬೋರ್ಡೋ ದ್ರಾವಣ ಮಾಡುವವರು ಅವರು. ನಲವತ್ತು ದಿನ ಕಳೆಯಿತೆಂದರೆ ಇನ್ನೊಮ್ಮೆ ಬಿಡಿಸ್ತಾರೆ. ಕೊಳೆರೋಗ ಬಂದ ಮೇಲೆ ಮದ್ದು ಬಿಟ್ಟು ಪ್ರಯೋಜನ ಇಲ್ಲ ಅಂತ ಅವರಿಗೆ ಹೇಳಿಕೊಡಬೇಕಾ? ವಿಟ್ಲದ ಸಿಪಿಸಿಆರ್‌ಐ ತೋಟಬೆಳೆ ಸಂಶೋಧನಾ ಕೇಂದ್ರಕ್ಕೆ ಹೋಗಿ ನೋಡಿ ಬಂದವರು, ಕೇಳಿ ಬಂದವರು. ಅಡಿಕೆಗೆ ರೋಗ ಬಾರದ ಹಾಗೆ ನೋಡಿಕೊಳ್ಳುವುದು ಗೊತ್ತಿರುವವರಿಗೆ ಮೈಗೆ ರೋಗ ಬಾರದ ಹಾಗೆ ನೋಡಿಕೊಳ್ಳುವುದು ಅರ್ಥ ಆಗ್ಲಿಕ್ಕಿಲ್ಲವಾ? ಎದುರು ಕೂತು ತುಳುವಿನಲ್ಲಿ ಹೇಳುವವರು ಬೇಕು, ಅಷ್ಟೆ.

ಹೋದ ಮಳೆಗೆ ಅಜ್ಜನಿಗೆ ಜ್ವರ ಬಂತು. ಶೀತ ಅಂದ್ರು. ಗಂಟುನೋವಿಗೆ ಹಿಂದೆ ಕೊಟ್ಟ ಮಾತ್ರೆ ಡಬ್ಬದಲ್ಲಿತ್ತು, ಅದನ್ನೇ ನುಂಗಿದ್ರು. ಪಕ್ಕದ ಮನೆಯವರು ಪಪ್ಪಾಯಿ ಎಲೆಯ ರಸ ತಂದುಕೊಟ್ರು. ಐದನೇ ದಿನ ಜ್ವರ ಬಿಟ್ಟಿತು ಅಂತ ಖುಷಿಯಲ್ಲಿ ತೋಟಕ್ಕೆ ಇಳಿದ್ರು. ಹೊಟ್ಟೆನೋವು, ವಾಂತಿ. ನನ್ನ ಪಕ್ಕವೇ ಬಿದ್ದದ್ದು.

ಯಾರೂ ಹೇಳಿರಲಿಲ್ಲವೇ?

ಎಂತ ಹೇಳಿದ್ದು? ನನ್ನನ್ನು ಹೆಕ್ಕಲಿಕ್ಕೆ ಹೇಳಿದ್ದು! ಡೆಂಗ್ಯೂ ಇರಬಹುದಾದ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ನೋವಿನ ಮಾತ್ರೆಯಿಂದ ರಕ್ತಸ್ರಾವ ಹೆಚ್ಚಾಗಬಹುದು ಅಂತ ಒಬ್ಬರು ಜಗಲಿಯಲ್ಲಿ ಕೂತು ಹೇಳಿದ್ದರೆ? ಆ ಡಬ್ಬ ತೆಗೆಸಿ ನೋಡಿದ್ದರೆ? ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ್ದು, ಆಗ ಹೊಟ್ಟೆ ನೋವಾದರೆ, ವಾಂತಿ ನಿಲ್ಲದಿದ್ದರೆ, ವಸಡಲ್ಲಿ ರಕ್ತ ಕಂಡರೆ ಬೆಳಗಾಗುವುದನ್ನು ಕಾಯದೆ ಹೊರಡಬೇಕು ಅಂತ ಯಾವ ಮೈಕಿನಲ್ಲಿ ಕೂಗಿದ್ರು? ಸಕ್ಕರೆ ಕಾಯಿಲೆ, ಬಿಪಿ ಇರುವ ಮುದುಕರಿಗೆ ಇದು ಎಳೆಯರಿಗೆ ಬಂದ ಹಾಗೆ ಬಂದು ಹೋಗುವುದಿಲ್ಲ. ಮಕ್ಕಳು ದಿನಾ ವೀಡಿಯೋ ಕಾಲ್ ಮಾಡ್ತಾರೆ. 'ಅಪ್ಪ, ಊಟ ಆಯ್ತಾ?' ಯಾವ ಮಾತ್ರೆ ನುಂಗಿದ್ರಿ ಅಂತ ಒಂದು ದಿನ ಕೇಳಲಿಲ್ಲ. ಬರ್ಕೊಳ್ಳಿ ಅದನ್ನು.

ಬರೆದುಕೊಂಡೆ. ಅಜ್ಜ ಈಗ?

ಬದುಕಿದ್ದಾರೆ. ಜಗಲಿಯಿಂದ ಕೆಳಗೆ ಇಳಿಯುವುದು ಕಡಿಮೆ. ಹಾಗಾಗಿಯೇ ಈ ವರ್ಷ ನಾವು ಇಷ್ಟು ಜನ ಇಲ್ಲಿ ಬಿದ್ದದ್ದು.

2024ರಲ್ಲಿ ಸರಕಾರ ದಂಡ ನಿಗದಿ ಮಾಡಿದೆಯಲ್ಲ. ನುಸಿ ಹುಟ್ಟಲು ಬಿಟ್ಟರೆ ಹಳ್ಳಿಯ ಮನೆಗೆ 200 ರೂಪಾಯಿ.

ಕೊಡುವ, ಅಡಿಕೆ ಮಾರಿ ಕೊಡುವ. ಹೆಕ್ಕುವ ಆಳಿನ ಸಂಬಳಕ್ಕಿಂತ ಕಡಿಮೆಯೇ ಆಯ್ತು.

ಕಾಮಗಾರಿ ನಡೆಯುವ ಜಾಗಕ್ಕೆ ಹಳ್ಳಿಯಲ್ಲಿ 1000. ಹಾಗಾದರೆ ಹೆದ್ದಾರಿಯ ಒಂದೊಂದು ಹೊಂಡಕ್ಕೆ ಒಂದೊಂದು ಸಾವಿರದಂತೆ...

ಬಂದ್ರು ಮತ್ತೆ ರಸ್ತೆಗೆ! ಹೋಗಿ, ಅಲ್ಲೇ ನಿಂತು ಹೊಂಡ ಲೆಕ್ಕ ಮಾಡಿ. ಹೋಗುವ ಮೊದಲು ನನ್ನನ್ನೊಮ್ಮೆ ಮಗುಚಿ ಹಾಕಿ ಮಾರಾಯ್ರೆ, ನಿಮಗೆ ಸೊಂಟ ಸರಿ ಉಂಟಲ್ಲ?