ಎಂಜಿನ್ ಬಂದ್ ಮಾಡ್ಸಿ ಮಾಸ್ತರೇ!

(ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸು. ನಿವೃತ್ತ ಮಾಸ್ತರ ತೊಡೆ ಮೇಲೆ ಎಂಜಿಯೋಗ್ರಾಮ್ ಫೈಲು. ಪಕ್ಕದಲ್ಲಿ ಹಳೇ ವಿದ್ಯಾರ್ಥಿ ಪಾಂಡು. ಬೈತಖೋಲ ಬಂದರಿನಲ್ಲಿ ಬೋಟ್ ಎಂಜಿನ್ ರಿಪೇರಿ ಅವನ ಕಸುಬು.)

ಪಾಂಡು: ಎಷ್ಟು ಬ್ಲಾಕು ಮಾಸ್ತರೇ?

ಮಾಸ್ತರು: ಮೂರು. ಬೈಪಾಸ್ ಆಗ್ಬೇಕು. ಹೃದಯ ನಿಲ್ಲಿಸಿಯೂ ಮಾಡ್ತಾರೆ, ಬಡ್ಕೊಳ್ತಾ ಇರುವಾಗ್ಲೂ ಮಾಡ್ತಾರೆ.

ಪಾಂಡು: (ತೋರುಬೆರಳು ಎತ್ತಿ) ಇದರ ತುದಿ ಎಲ್ಲಿ?

ಮಾಸ್ತರು: ಇಲ್ಲ.

ಪಾಂಡು: ಚಾಲೂ ಎಂಜಿನ್ನಿಗೆ ಕೈ ಹಾಕಿದ ಫಲ. ಬಂದ್ ಮಾಡ್ಸಿ!

ಮಾಸ್ತರು: ಬಂದ್ ಮಾಡಿದ್ರೆ ಮೈಯ ರಕ್ತ ಪೈಪಿನಲ್ಲಿ ಹೊರಗಿನ ಮೆಷಿನ್ನಿಗೆ ಹೋಗ್ಬೇಕು. ಅಲ್ಲಿ ಆಮ್ಲಜನಕ ಸೇರಿ ವಾಪಸು ಮೈಗೆ. ಪೊಟ್ಯಾಸಿಯಮ್ ಬಿಟ್ಟು ಹೃದಯ ನಿಲ್ಲಿಸ್ತಾರೆ. ಆ ಮೆಷಿನ್ ಇಟ್ಟು ಮನುಷ್ಯರಲ್ಲಿ ಮೊದಲು ಗೆದ್ದವ ಅಮೆರಿಕದ ಜಾನ್ ಗಿಬ್ಬನ್, 1953ರಲ್ಲಿ.

ಪಾಂಡು: ಮತ್ತೆ ಚಾಲೂ ಆಗೂದು ಗ್ಯಾರಂಟಿಯಾ? ಜೂನ್, ಜುಲೈ ಮೀನುಗಾರಿಕೆ ನಿಂತ್ರೆ ಆಗಸ್ಟಿನಲ್ಲಿ ನಮ್ಮ ಬೋಟು ತಾಸುಗಟ್ಟಲೆ ಕೆಮ್ತದೆ.

ಮಾಸ್ತರು: ರಕ್ತ ಬಿಟ್ಟ ಮೇಲೆ ಹೆಚ್ಚಾಗಿ ತಾನೇ ಬಡೀತದೆ. ಇಲ್ಲಾಂದ್ರೆ ಸಣ್ಣ ಶಾಕು.

ಪಾಂಡು: ಶಾಕಾ! ಬೇಡ, ಚಾಲೂ ಇಟ್ಟೇ ಮಾಡ್ಸಿ.

ಮಾಸ್ತರು: ಅದರಲ್ಲಿ ಹೊಲಿಯೋ ಜಾಗವನ್ನಷ್ಟೇ ಅಲುಗದ ಹಾಗೆ ಹೀರಿ ಹಿಡಿಯೋ ಸಾಧನ ಇದೆ. ಹೆಸರು ಆಕ್ಟೋಪಸ್.

ಪಾಂಡು: ಹಾಗಾದ್ರೆ ಶನಿವಾರ ಡೇಟ್ ತಗೊಳ್ಬೇಡಿ. ನೀವು ಅವತ್ತು ಮೀನು ಮುಟ್ಟೂದಿಲ್ಲ. ಎದೆಯಾದ್ರೂ ಕೊಯ್ಯೂದಿಲ್ಲ ಅಲ್ವಾ?

ಮಾಸ್ತರು: ಸಾಮಾನ್ಯವಾಗಿ ಎರಡರಲ್ಲೂ ಕೊಯ್ತಾರೆ. ಕಾಲಿನ ರಕ್ತನಾಳಾನೂ ಕೀಳ್ತಾರೆ.

ಪಾಂಡು: ಮತ್ತೆ ಉಳಿದದ್ದೇನು?

ಮಾಸ್ತರು: ಮೆಷಿನ್ ಬೇಡ, ಹೊರಗಿಂದ ರಕ್ತ ಕೊಡೋದೂ ಸ್ವಲ್ಪ ಕಮ್ಮಿ. ಮಹಾಧಮನಿಗೆ ಸುಣ್ಣ ಕಟ್ಟಿದ್ರೆ ಅದನ್ನ ಮುಟ್ಟದೇ ಇರಬಹುದು. 2009ರಲ್ಲಿ ಮನಮೋಹನ್ ಸಿಂಗರಿಗೆ ರಮಾಕಾಂತ ಪಾಂಡಾ ತಂಡ ಬೈಪಾಸ್ ಮಾಡಿದ್ದೂ ಹೃದಯ ಬಡ್ಕೊಳ್ತಾ ಇರುವಾಗ್ಲೇ.

ಪಾಂಡು: ಪಾಂಡಾ? ನಮ್ಮ ಪೈಕಿಯವರೇ ಇರ್ಬೇಕು! ಕಣ್ಣು ಮುಚ್ಚಿ ಮಾಡ್ಸಿ.

ಮಾಸ್ತರು: ತಡಿ. ಅಮೆರಿಕದ 2203 ಮಾಜಿ ಸೈನಿಕರಲ್ಲಿ ಪರೀಕ್ಷೆ ಮಾಡಿದ್ರು. 5 ವರ್ಷದಲ್ಲಿ ತೀರಿಕೊಂಡವರು ಮೆಷಿನ್ ಇದ್ದಲ್ಲಿ ನೂರಕ್ಕೆ 11.9, ಇಲ್ಲದಲ್ಲಿ 15.2.

ಪಾಂಡು: ಅಯ್ಯೋ! ಬಂದ್ ಮಾಡ್ಸಿ.

ಮಾಸ್ತರು: ಭಾರತವೂ ಸೇರಿ 19 ದೇಶಗಳ 4752 ಜನರ ಇನ್ನೊಂದು ಪರೀಕ್ಷೆಯಲ್ಲಿ 5 ವರ್ಷದ ಮೇಲೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ.

ಪಾಂಡು: ಇಷ್ಟೆಲ್ಲ ಓದಿದ್ದಕ್ಕೇ ನಿಮಗೆ ಬ್ಲಾಕ್ ಆಗಿದ್ದು.

ಮಾಸ್ತರು: ಕೇಳೋ. ಮೊದಲನೇದರಲ್ಲಿ ಕತ್ತರಿ ಹಿಡಿದವರಲ್ಲಿ ಕಲಿಯೋ ಡಾಕ್ಟರು ಬಹಳ. ಎರಡನೇದರಲ್ಲಿ, ಆಯಾ ಪದ್ಧತಿಯಲ್ಲಿ ನೂರಕ್ಕೂ ಮೇಲೆ ಆಪರೇಶನ್ ಮಾಡಿದವರೇ ಬೇಕು ಅಂತ ಷರತ್ತು. ಅಲುಗಾಡೋ ಹೃದಯದ ಮೇಲೆ ಒಂದೂವರೆ, ಎರಡು ಮಿಲಿಮೀಟರಿನ ನಾಳ ಹೊಲಿಯೋಕೆ ಕೈ ಪಳಗಿರ್ಬೇಕು.

ಪಾಂಡು: (ಮೆಲ್ಲಗೆ) ನನ್ನ ಬೆರಳು ಹೋಗಿದ್ದೂ ಕಲಿಯೋವಾಗ್ಲೇ.

ಮಾಸ್ತರು: ಅದಕ್ಕೇ ಡಾಕ್ಟರಿಗೆ, ನೀವು ದಿನಾ ಯಾವುದು ಮಾಡ್ತೀರೋ ಅದೇ ಮಾಡಿ ಅಂದೆ.

ಪಾಂಡು: ಎಲ್ಲಿ, ಕಾರವಾರದಲ್ಲಾ?

ಮಾಸ್ತರು: 2022ರಲ್ಲಿ ನಮ್ಮ ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದದ್ದು ಮರೆತ್ಯಾ? ಬೈಪಾಸಿಗೆ ನಾನು ಮಣಿಪಾಲಕ್ಕೆ ಹೋಗ್ಬೇಕು. ರಕ್ತ ಕೊಡೋಕೆ ಜನ ಕರ್ಕೊಂಡು ಬನ್ನಿ ಅಂದಿದಾರೆ. ನಿನ್ನ ಗುಂಪು ಯಾವುದು?

ಪಾಂಡು: (ಎದ್ದು) ಕಂಡಕ್ಟರೇ, ಹೋಲ್ಡಾನ್! ಇಳೀಬೇಕು.

ಮಾಸ್ತರು: ಇದು ಅವರ್ಸಾ ಕಣೋ. ನಿನ್ನ ಮನೆ ಅಂಕೋಲೆ.